ರೋಗ ಅವಳಿಗೆ, ದವಾಖಾನೆಗೆ ನಾವ್ಯಾಕೆ?

ಕಳೆದ ತಿಂಗಳ ಒಂದು ಜುಮ್ಮಾದಲ್ಲಿ ಸೂರಾ ಅನ್ನಿಸಾದ 35ನೆಯ ಆಯತ್ತಿನ ಬಗ್ಗೆ ಮಾತನಾಡಿದ್ದೆ. ಗಂಡ ಹೆಂಡತಿಯ ನಡುವೆ ಬಿರುಕು ಬೀಳುವ ಭಯವಿದ್ದರೆ ಅವನ ಮನೆತನದಿಂದ ಒಬ್ಬರು, ಅವಳ ಮನೆತನದಿಂದ ಒಬ್ಬರು ಕೂತು ವಿಷಯ ಬಗೆಹರಿಸಬೇಕೆಂಬ ಆದೇಶ ಅದರಲ್ಲಿದೆ. ನಮಾಜ್ ಮುಗಿದು ಜನ ಚದುರಿದ ಮೇಲೆ ಒಬ್ಬ ಯುವಕ ವಜೂಖಾನೆಯ ಹತ್ತಿರ ಕಾದು ನಿಂತಿದ್ದ. ಸಲಾಂ ಹೇಳಿ, ಅತ್ತಿತ್ತ ನೋಡಿ, ಮೆಲ್ಲಗೆ ಕೇಳಿದ: ‘ಹಜರತ್, ನಮ್ಮ ಮನಿಯಾಕಿಗಿ ಬೀದರದಾಗ ಡಾಕ್ಟರಿಗೆ ತೋರಿಸೀನಿ. ಡಿಪ್ರೆಶನ್ ಅಂದಾರ, ಗುಳಿಗಿ ಕೊಟ್ಟಾರ. ಮುಂದಿನ ಸಲ ನೀನೂ ಬಾ, ನಿಮ್ಮ ಅಮ್ಮೀನೂ ಕರಕೊಂಡು ಬಾ ಅಂತಾರ. ರೋಗ ಆಕಿಗಿ. ನಾವ್ಯಾಕ ಹೋಗಬೇಕ್ರಿ?’

ಅವನ ಮಾತಿನಲ್ಲಿ ಸಿಟ್ಟಿರಲಿಲ್ಲ. ಗೊಂದಲವಿತ್ತು, ಸ್ವಲ್ಪ ನಾಚಿಕೆಯೂ ಇತ್ತು. ಡಾಕ್ಟರು ತಪ್ಪನ್ನು ತನ್ನ ತಾಯಿಯ ಮೇಲೆ ಹೊರಿಸುತ್ತಾರೋ ಏನೋ ಎಂಬ ಅಂಜಿಕೆ. ಅವತ್ತು ನಿಂತಲ್ಲೇ ಎರಡು ಮಾತು ಹೇಳಿ ಕಳಿಸಿದೆ. ಆದರೆ ಇದು ಅವನೊಬ್ಬನ ಪ್ರಶ್ನೆ ಅಲ್ಲ. ಔರಾದ, ಭಾಲ್ಕಿ, ಬೀದರ ಕಡೆಯ ಎಷ್ಟೋ ಮನೆಗಳಲ್ಲಿ ಇದೇ ಪ್ರಶ್ನೆ ಇದೆ, ಕೇಳುವವರು ಕಡಿಮೆ. ನಾನು ವೈದ್ಯನಲ್ಲ. ಈ ವಿಷಯ ಓದತೊಡಗಿದ್ದು, ತಿಳಿದವರನ್ನು ಕೇಳತೊಡಗಿದ್ದು ನನ್ನದೇ ಒಂದು ತಪ್ಪಿನಿಂದಾಗಿ. ಆ ತಪ್ಪನ್ನು ಮುಂದೆ ಹೇಳುತ್ತೇನೆ.

ಮೊದಲು ರೋಗದ ಮಾತು. ದುಃಖ ಎಲ್ಲರಿಗೂ ಬರುತ್ತದೆ, ಹೋಗುತ್ತದೆ. ಬೆಳೆ ಹೋದರೆ, ಮನೆಯಲ್ಲಿ ಮೌತಾದರೆ ಅಳು ಬರುವುದು ರೋಗವಲ್ಲ. ಆದರೆ ಎರಡು ವಾರಕ್ಕಿಂತ ಹೆಚ್ಚು ಕಾಲ, ದಿನದ ಬಹುಪಾಲು ಮನಸ್ಸು ಭಾರವಾಗಿಯೇ ಇದ್ದು, ಯಾವುದರಲ್ಲೂ ರುಚಿ ಉಳಿಯದೆ, ನಿದ್ದೆ, ಊಟ ಕೆಟ್ಟು, ಕೈಕಾಲು ಸೋತು, ತಾನು ಯಾರಿಗೂ ಬೇಡವಾದವಳು ಎಂಬ ಯೋಚನೆ ಕಾಡುತ್ತಿದ್ದರೆ ವೈದ್ಯರು ಅದನ್ನು ಖಿನ್ನತೆ ಎನ್ನುತ್ತಾರೆ. ಇನ್ನೊಂದು ಕಾಯಿಲೆಯಲ್ಲಿ ಮನಸ್ಸು ಕೆಲವು ಕಾಲ ಹೀಗೆ ಕುಸಿಯುತ್ತದೆ, ಕೆಲವು ಕಾಲ ಮಿತಿಮೀರಿ ಏರುತ್ತದೆ. ಏರಿದಾಗ ನಿದ್ದೆ ಬೇಕಾಗುವುದಿಲ್ಲ, ಮಾತು ನಿಲ್ಲುವುದಿಲ್ಲ, ಕೈಯಲ್ಲಿ ದುಡ್ಡು ನಿಲ್ಲುವುದಿಲ್ಲ. ಒಂದೇ ದಿನ ಮೂರು ವ್ಯಾಪಾರದ ಯೋಜನೆ, ತಡೆದವರ ಮೇಲೆ ಸಿಟ್ಟು. ಇದಕ್ಕೆ ಬೈಪೋಲಾರ್ ಎಂದು ಹೆಸರು. ಎರಡೂ ಮನೋಭಾವಕ್ಕೆ ಸಂಬಂಧಿಸಿದ ಕಾಯಿಲೆಗಳು. ರಕ್ತಸಂಬಂಧದಲ್ಲಿ ಇದ್ದರೆ ಬರುವ ಸಾಧ್ಯತೆ ಹೆಚ್ಚು. ಹೆರಿಗೆ, ಸಾಲ, ಸಾವು, ನಿದ್ದೆಗೆಡುವ ದುಡಿಮೆ ಇವನ್ನು ಕೆರಳಿಸಬಹುದು. ಈಮಾನ್ ಕಡಿಮೆಯಾದದ್ದಕ್ಕೆ ಬರುವ ರೋಗ ಇದಲ್ಲ.

ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯು 2015-16ರಲ್ಲಿ ದೇಶದ 12 ರಾಜ್ಯಗಳಲ್ಲಿ ಮನೆಮನೆಗೆ ಹೋಗಿ ಸಮೀಕ್ಷೆ ನಡೆಸಿತು. ವಯಸ್ಕರಲ್ಲಿ 20ಕ್ಕೆ ಒಬ್ಬರು ಬದುಕಿನ ಒಂದಲ್ಲ ಒಂದು ಹಂತದಲ್ಲಿ ಖಿನ್ನತೆಗೆ ಒಳಗಾದವರು ಎಂದು ಕಂಡುಬಂತು. ಹಾಗೆ ನರಳುವವರಲ್ಲಿ ಶೇ. 85ರಷ್ಟು ಜನರಿಗೆ ಚಿಕಿತ್ಸೆ ಸಿಕ್ಕಿರಲಿಲ್ಲ. ನಮ್ಮ ಮಸೀದಿಯಲ್ಲಿ ಜುಮ್ಮಾಕ್ಕೆ ನಿಲ್ಲುವ ಒಂದೊಂದು ಸಫ್ಫಿನ ಲೆಕ್ಕ ಹಾಕಿ ನೋಡಿ.

ಈಗ ಯುವಕನ ಪ್ರಶ್ನೆಗೆ ಬರೋಣ. ಗುಳಿಗೆ ನುಂಗುವವಳು ಒಬ್ಬಳು. ಆದರೆ ಆಕೆ ಇರುವುದು ಒಂದು ಮನೆಯಲ್ಲಿ. ಆ ಮನೆಯಲ್ಲಿ ಬೆಳಿಗ್ಗೆಯಿಂದ ರಾತ್ರಿಯವರೆಗೆ ಕಿವಿಗೆ ಬೀಳುವ ಮಾತು ರೋಗವನ್ನು ಇಳಿಸಲೂಬಹುದು, ಮರಳಿಸಲೂಬಹುದು. ಇದು ನನ್ನ ಊಹೆಯಲ್ಲ. ಲಂಡನ್ನಿನಲ್ಲಿ 1950ರ ದಶಕದಿಂದ ಸಂಶೋಧಕರು ಒಂದು ವಿಚಿತ್ರವನ್ನು ಗಮನಿಸಿದ್ದರು. ಆಸ್ಪತ್ರೆಯಿಂದ ಗುಣವಾಗಿ ಮನೆಗೆ ಹೋದ ಮಾನಸಿಕ ರೋಗಿಗಳಲ್ಲಿ ಕೆಲವರು ಬೇಗನೆ ಮತ್ತೆ ಕೆಡುತ್ತಿದ್ದರು, ಕೆಲವರು ಚೆನ್ನಾಗಿರುತ್ತಿದ್ದರು. ಮನೆಯವರ ಜೊತೆ ಮಾತನಾಡಿ ನೋಡಿದರೆ ಮೂರು ಸಂಗತಿಗಳು ಕಂಡವು: ಎತ್ತಿ ಆಡುವುದು, ದ್ವೇಷ ಕಾರುವುದು, ಅತಿಯಾಗಿ ಹಚ್ಚಿಕೊಂಡು ಉಸಿರುಗಟ್ಟಿಸುವುದು. ಇವು ಹೆಚ್ಚಾಗಿದ್ದ ಮನೆಗಳಲ್ಲಿ ರೋಗ ಮರಳುವುದೂ ಹೆಚ್ಚು. ಖಿನ್ನತೆ ಮತ್ತು ಬೈಪೋಲಾರ್ ಕಾಯಿಲೆಗಳಲ್ಲೂ ಇದು ನಿಜವೆಂದು ಮುಂದೆ ತಿಳಿಯಿತು. ಮೂರನೆಯದನ್ನು ಗಮನಿಸಬೇಕು. ಬೈಯುವುದಷ್ಟೇ ಅಲ್ಲ, ಮೂವತ್ತು ವರ್ಷದ ಮಗನಿಗೆ ತುತ್ತು ಮಾಡಿ ಉಣಿಸುತ್ತ, ಅವನು ಬಚ್ಚಲಿಗೆ ಹೋದರೂ ಬಾಗಿಲ ಬಳಿ ನಿಲ್ಲುವ ತಾಯಿಯ ಪ್ರೀತಿ ಕೂಡ ರೋಗಿಯನ್ನು ದಣಿಸುತ್ತದೆ.

1989ರಲ್ಲಿ ಪ್ರಕಟವಾದ ಇಂಗ್ಲೆಂಡಿನ ಒಂದು ಅಧ್ಯಯನ ನನ್ನನ್ನು ಬಹಳ ಯೋಚನೆಗೆ ಹಚ್ಚಿತು. ಖಿನ್ನತೆಗೆ ಆಸ್ಪತ್ರೆ ಸೇರಿದ್ದ ವಿವಾಹಿತರನ್ನು ಹೂಲಿ ಮತ್ತು ಟೀಸ್‌ಡೇಲ್ ಎಂಬ ಇಬ್ಬರು ಸಂಶೋಧಕರು ಕೇಳಿದ ಒಂದು ಪ್ರಶ್ನೆ ಹೀಗಿತ್ತು: ನಿಮ್ಮ ಗಂಡ ಅಥವಾ ಹೆಂಡತಿ ನಿಮ್ಮಲ್ಲಿ ಎಷ್ಟರಮಟ್ಟಿಗೆ ತಪ್ಪು ಹುಡುಕುತ್ತಾರೆ, ಹತ್ತರೊಳಗೆ ಒಂದು ಅಂಕ ಕೊಡಿ. ಮುಂದಿನ ಒಂಬತ್ತು ತಿಂಗಳಲ್ಲಿ ಯಾರಿಗೆ ರೋಗ ಮರಳುತ್ತದೆ ಎಂಬುದನ್ನು ಉಳಿದೆಲ್ಲ ಅಳತೆಗಿಂತ ಚೆನ್ನಾಗಿ ತಿಳಿಸಿದ್ದು ಆ ಒಂದು ಅಂಕ. ಓದುವ ಗಂಡಸರು ಒಮ್ಮೆ ಯೋಚಿಸಿ, ನಿಮ್ಮ ಹೆಂಡತಿ ನಿಮಗೆ ಎಷ್ಟು ಅಂಕ ಕೊಟ್ಟಾಳು? ನಾನು ಮನೆಯಲ್ಲಿ ಕೇಳಿದೆ. ಉತ್ತರ ಇಲ್ಲಿ ಬರೆಯುವುದಿಲ್ಲ.

ಇದನ್ನೆಲ್ಲ ಓದುವಾಗ ನನಗೆ ನೆನಪಾದದ್ದು ಸೂರಾ ಯೂಸುಫ್. ಮಗನನ್ನು ಕಳೆದುಕೊಂಡ ಹ. ಯಾಕೂಬ್(ಅ) ಅವರ ಕಣ್ಣು ದುಃಖದಿಂದ ಬೆಳ್ಳಗಾದವು ಎಂದು ಕುರ್‌ಆನ್ ಹೇಳುತ್ತದೆ. ಅವರು ಪ್ರವಾದಿ, ಸಬ್ರಿನ ಮಾದರಿ. ಆದರೂ ದೇಹ ದುಃಖಕ್ಕೆ ಸೋತಿತು. ಆ ಹೊತ್ತಿನಲ್ಲಿ ಮನೆಯವರು ಏನು ಮಾಡಿದರು? ಇನ್ನೂ ಯೂಸುಫನ ಜಪ ಬಿಡಲಿಲ್ಲವೇ, ಹೀಗೇ ಸವೆದು ಸಾಯುವಿರಿ ಎಂಬ ಅರ್ಥದ ಮಾತು ಆಡಿದರು. ನಮ್ಮ ಮನೆಗಳಲ್ಲಿ ‘ಎಷ್ಟ್ ದಿನ ಅಂತ ಅಳತಿ, ಎದ್ದು ಕೆಲಸ ನೋಡು’ ಅನ್ನುವುದಿಲ್ಲವೇ, ಅದೇ ದನಿ. ತಂದೆ ತನ್ನ ಅಳಲನ್ನು ಅಲ್ಲಾಹನ ಮುಂದೆ ಮಾತ್ರ ತೋಡಿಕೊಳ್ಳುವೆನೆಂದು ಹೇಳಿ ಸುಮ್ಮನಾದರು. ನಾವು ಈ ಆಯತ್ತನ್ನು ಸಬ್ರಿನ ಪಾಠವಾಗಿ ಓದುತ್ತೇವೆ, ಸರಿ. ಆದರೆ ಮನೆಯಲ್ಲಿ ಕೇಳುವವರಿಲ್ಲದ ಒಬ್ಬ ಮುದುಕನನ್ನೂ ಅದರಲ್ಲಿ ನೋಡಬೇಕು.

ಹ. ಮರ್ಯಮ್(ಅ) ಅವರ ಪ್ರಸಂಗ ಇನ್ನೊಂದು. ಹೆರಿಗೆ ನೋವಿನಲ್ಲಿ ಒಬ್ಬಂಟಿಯಾಗಿ, ಇದಕ್ಕಿಂತ ಮೊದಲೇ ಸತ್ತಿದ್ದರೆ ಚೆನ್ನಾಗಿತ್ತು ಎಂದು ಅವರು ಹಲುಬಿದರು. ಅದಕ್ಕೆ ಗದರಿಕೆ ಬರಲಿಲ್ಲ. ದುಃಖಿಸಬೇಡ ಎಂಬ ಸಾಂತ್ವನ ಬಂತು, ಕಾಲಡಿಯಲ್ಲಿ ನೀರು, ಕೈಗೆಟಕುವ ಖರ್ಜೂರ, ತಿಂದು ಕುಡಿದು ಕಣ್ಣು ತಂಪು ಮಾಡಿಕೋ ಎಂಬ ಮಾತು, ಜನರ ಪ್ರಶ್ನೆಗೆ ಉತ್ತರ ಕೊಡದೆ ಮೌನವಾಗಿರಲು ಅನುಮತಿ ಸಿಕ್ಕಿತು. ಬಾಣಂತಿಯ ಕೋಣೆಯಲ್ಲಿ ನಿಂತು ಉಪದೇಶ ಮಾಡುವವರು ಈ ಆಯತ್ತುಗಳನ್ನು ಮತ್ತೊಮ್ಮೆ ಓದಬೇಕು. ಅವರಲ್ಲಿ ನಾನೂ ಒಬ್ಬ.

ಕೆಲವು ವರ್ಷಗಳ ಹಿಂದೆ ಒಂದು ಮನೆಯ ಜಗಳ ಬಗೆಹರಿಸಲು ನನ್ನನ್ನು ಕರೆದಿದ್ದರು. ಊರು, ಮನೆತನ ಹೇಳುವುದಿಲ್ಲ. ಸೊಸೆಗೆ ಎರಡನೆಯ ಹೆರಿಗೆಯಾಗಿ ನಾಲ್ಕು ತಿಂಗಳಾಗಿತ್ತು. ಮಗು ಅತ್ತರೂ ಎತ್ತಿಕೊಳ್ಳುವುದಿಲ್ಲ, ಅಡುಗೆಮನೆಗೆ ಬರುವುದಿಲ್ಲ, ಮಾತಾಡಿಸಿದರೆ ಅಳುತ್ತಾಳೆ ಎಂದು ಅತ್ತೆಯ ದೂರು. ನಮಾಜ್ ಬಿಟ್ಟಿದ್ದಾಳೆ, ಎದುರು ಮಾತಾಡುತ್ತಾಳೆ ಎಂದು ಗಂಡನ ದೂರು. ಆಕೆ ಪರದೆಯ ಆಚೆ ಕೂತಿದ್ದಳು. ನಾನು ಅವಳನ್ನು ಒಂದೇ ಒಂದು ಪ್ರಶ್ನೆ ಕೇಳಲಿಲ್ಲ. ಗಂಡನ ಹಕ್ಕು, ಸಬ್ರಿನ ಸವಾಬು, ಶೈತಾನನ ವಸ್ವಸೆ ಎಂದು ಅರ್ಧ ತಾಸು ಮಾತನಾಡಿದೆ. ಎಲ್ಲರೂ ಜಜಾಕಲ್ಲಾಹ್ ಅಂದರು. ಚಹಾ ಕುಡಿದು ಎದ್ದು ಬಂದೆ. ಎರಡು ತಿಂಗಳಲ್ಲಿ ಆಕೆಯನ್ನು ತವರಿಗೆ ಕಳಿಸಿದರು. ವರ್ಷ ತುಂಬುವುದರೊಳಗೆ ಸಂಬಂಧ ಮುರಿಯಿತು. ಆಮೇಲೆ ಆಕೆಯ ಅಣ್ಣ ಡಾಕ್ಟರಿಗೆ ತೋರಿಸಿದನಂತೆ. ಹೆರಿಗೆಯ ನಂತರ ಬರುವ ಖಿನ್ನತೆ, ಮೊದಲೇ ಕರೆತರಬೇಕಿತ್ತು ಎಂದರಂತೆ. ಚಿಕಿತ್ಸೆಯಿಂದ ಆರು ತಿಂಗಳಲ್ಲಿ ಆಕೆ ಚೇತರಿಸಿಕೊಂಡಳು. ಮನೆ ಮಾತ್ರ ಮರಳಿ ಕೂಡಲಿಲ್ಲ.

ಇಷ್ಟೆಲ್ಲ ಆದ ಮೇಲೆ ಅನ್ನಿಸಾದ ಆ ಆಯತ್ತನ್ನು ತೆಗೆದು ನೋಡಿದೆ. ಅವನ ಕಡೆಯ ಒಬ್ಬರು ಎಂದು ಅಲ್ಲಿ ನಿಲ್ಲುವುದಿಲ್ಲ, ಅವಳ ಕಡೆಯ ಒಬ್ಬರು ಎಂದೂ ಇದೆ. ಅವತ್ತು ಆ ಕೋಣೆಯಲ್ಲಿ ಅವಳ ಕಡೆಯವರು ಒಬ್ಬರೂ ಇರಲಿಲ್ಲ. ನಾನು ಅರ್ಧ ಆಯತ್ತಿನ ಮೇಲೆ ತೀರ್ಪು ಕೊಟ್ಟಿದ್ದೆ.

ದಂಪತಿ ಚಿಕಿತ್ಸೆ, ಕುಟುಂಬ ಚಿಕಿತ್ಸೆ ಎಂದರೆ ಏನು? ಇದು ಪಂಚಾಯಿತಿ ಅಲ್ಲ ಎಂಬುದನ್ನು ಮೊದಲು ತಿಳಿಯಬೇಕು. ಡಾಕ್ಟರು ಅಥವಾ ಆಪ್ತಸಮಾಲೋಚಕರು ಯಾರು ತಪ್ಪು, ಯಾರು ಸರಿ ಎಂದು ತೀರ್ಮಾನ ಕೊಡುವುದಿಲ್ಲ. ಅತ್ತೆಯನ್ನು ಕರೆಯುವುದು ಅಪರಾಧಿಯೆಂದು ಅಲ್ಲ, ಮನೆಯಲ್ಲಿ ದಿನವಿಡೀ ರೋಗಿಯ ಜೊತೆ ಇರುವವರು ಅವರೇ ಎಂದು. ಆಯತ್ತಿನಲ್ಲಿ ಬರುವ ಹಕಮ್ ತೀರ್ಪುಗಾರ, ಚಿಕಿತ್ಸಕ ತೀರ್ಪುಗಾರನಲ್ಲ. ಈ ವ್ಯತ್ಯಾಸ ಇಟ್ಟುಕೊಂಡೇ ಹೇಳುತ್ತೇನೆ, ಎರಡರಲ್ಲೂ ಒಂದು ಮಾತು ಸಮಾನ: ಎರಡೂ ಕಡೆಯವರು ಒಂದೇ ಕೋಣೆಯಲ್ಲಿ ಕೂತು, ಒಬ್ಬರ ಮಾತನ್ನು ಇನ್ನೊಬ್ಬರು ಪೂರ್ತಿ ಕೇಳಬೇಕು.

ಮೊದಲ ಒಂದೆರಡು ಸಲ ರೋಗದ ವಿವರಣೆಯೇ ಮುಖ್ಯ. ಆಕೆ ಸೋಮಾರಿಯಲ್ಲ, ನಾಟಕ ಮಾಡುತ್ತಿಲ್ಲ. ಗುಳಿಗೆ ಕೆಲಸ ಮಾಡಲು ಎರಡು ಮೂರು ವಾರ, ಕೆಲವೊಮ್ಮೆ ಅದಕ್ಕೂ ಹೆಚ್ಚು ಬೇಕು. ಸ್ವಲ್ಪ ಆರಾಮಾಯಿತೆಂದು ತಾವಾಗಿಯೇ ನಿಲ್ಲಿಸಬಾರದು. ಇಷ್ಟು ಗೊತ್ತಾದರೆ ಎಷ್ಟೋ ಮನೆಗಳಲ್ಲಿ ಅರ್ಧ ಜಗಳ ನಿಲ್ಲುತ್ತದೆ. ಗಂಡನಿಗೆ ಹೆಂಡತಿ ಬೇಕಂತಲೇ ಮುಖ ತಿರುಗಿಸುತ್ತಾಳೆ ಎನಿಸಿರುತ್ತದೆ. ಅವನು ಗದರುತ್ತಾನೆ. ಆಕೆ ಇನ್ನೂ ಒಳಗೆ ಸರಿಯುತ್ತಾಳೆ. ಅವನು ಮನೆಗೆ ತಡವಾಗಿ ಬರತೊಡಗುತ್ತಾನೆ. ತಡವಾಗಿ ಬಂದದ್ದನ್ನು ನೋಡಿ ಆಕೆಗೆ, ತಾನು ಬೇಡವಾದೆನೆಂದು ಖಾತ್ರಿಯಾಗುತ್ತದೆ. ಗಾಣದ ಎತ್ತು ಸುತ್ತಿದಂತೆ ಇಬ್ಬರೂ ಸುತ್ತುತ್ತಾರೆ. ಚಿಕಿತ್ಸಕರು ಈ ಸುತ್ತನ್ನು ಇಬ್ಬರಿಗೂ ತೋರಿಸುತ್ತಾರೆ. ಹೊರಗಿನವರೊಬ್ಬರು ತೋರಿಸುವವರೆಗೆ ಅದು ಕಾಣುವುದಿಲ್ಲ.

ಮುಂದಿನದು ಮಾತಿನ ತಾಲೀಮು. ‘ನೀನು ಯಾವಾಗಲೂ ಹೀಗೇ’ ಎನ್ನುವ ಬದಲು ಒಂದು ಕೆಲಸವನ್ನು ಮಾತ್ರ ಹೆಸರಿಸಿ ಹೇಳುವುದು. ಆಜ್ಞೆಯ ಬದಲು ಕೇಳಿಕೊಳ್ಳುವುದು. ಒಬ್ಬರು ಹೇಳಿದ್ದನ್ನು ಇನ್ನೊಬ್ಬರು ತಮ್ಮ ಮಾತಿನಲ್ಲಿ ತಿರುಗಿ ಹೇಳಿ, ಸರಿಯಾಗಿ ತಿಳಿದೆನೇ ಎಂದು ಕೇಳುವುದು. ದಿನಕ್ಕೆ ಒಂದಾದರೂ ಒಳ್ಳೆಯದನ್ನು ಗುರುತಿಸಿ ಬಾಯಿಬಿಟ್ಟು ಹೇಳುವುದು. ಕೇಳಿದರೆ ಮಕ್ಕಳಾಟ ಅನಿಸುತ್ತದೆ. ಮನೆಯಲ್ಲಿ ಒಂದು ದಿನ ಪ್ರಯತ್ನಿಸಿ ನೋಡಿ, ಎಷ್ಟು ಕಷ್ಟವೆಂದು ತಿಳಿಯುತ್ತದೆ. ಜೊತೆಗೆ ಇಬ್ಬರೂ ಸೇರಿ ಮಾಡುವ ಸಣ್ಣ ಕೆಲಸಗಳನ್ನು ಗೊತ್ತುಮಾಡುತ್ತಾರೆ: ಅಸರ್ ಆದ ಮೇಲೆ ಅರ್ಧ ತಾಸು ಹೊಲದ ಕಡೆ ನಡೆಯುವುದು, ಸಂತೆಗೆ ಜೊತೆಯಾಗಿ ಹೋಗುವುದು. ದೊಡ್ಡ ಸಮಸ್ಯೆಯನ್ನು ಒಮ್ಮೆಲೇ ಹಿಡಿಯುವುದಿಲ್ಲ. ರಾತ್ರಿ ಮಗು ಅತ್ತರೆ ಯಾರು ಏಳಬೇಕು ಎಂಬಂಥ ಒಂದನ್ನು ಎತ್ತಿಕೊಂಡು, ಎಲ್ಲರ ಉಪಾಯ ಕೇಳಿ, ಒಂದನ್ನು ಆರಿಸಿ, ವಾರ ಮಾಡಿ ನೋಡಿ ಬನ್ನಿ ಎನ್ನುತ್ತಾರೆ.

ಬೈಪೋಲಾರ್ ಇದ್ದರೆ ಇನ್ನೊಂದು ಕೆಲಸವಿದೆ. ಮನಸ್ಸು ಏರುವ ಮುನ್ನ ಕಾಣುವ ಗುರುತುಗಳನ್ನು ಮನೆಯವರೆಲ್ಲ ಕೂತು ಬರೆಯುವುದು. ನಿದ್ದೆ ನಾಲ್ಕು ತಾಸಿಗೆ ಇಳಿಯಿತೇ, ರಾತ್ರಿ ಎರಡಕ್ಕೆ ನೆಂಟರಿಗೆ ಫೋನ್ ಹೋಗುತ್ತಿದೆಯೇ, ಹೊಸ ಸಾಲದ ಮಾತು ಬಂತೇ. ಆಗ ಡಾಕ್ಟರಿಗೆ ಯಾರು ಹೇಳಬೇಕು, ಗಾಡಿಯ ಕೀಲಿ, ಬ್ಯಾಂಕಿನ ಕಾರ್ಡು ಯಾರ ಹತ್ತಿರ ಇರಬೇಕು ಎಂದು ರೋಗಿ ಸ್ವಸ್ಥವಾಗಿರುವಾಗಲೇ, ಅವನ ಒಪ್ಪಿಗೆಯಿಂದಲೇ ಗೊತ್ತುಮಾಡುತ್ತಾರೆ. ಅಮೆರಿಕದ ಡೇವಿಡ್ ಮಿಕ್ಲೋವಿಟ್ಜ್ ಮತ್ತು ಅವರ ಜೊತೆಯವರು ರೂಪಿಸಿದ ಕ್ರಮದಲ್ಲಿ ಒಂಬತ್ತು ತಿಂಗಳಲ್ಲಿ 21 ಸಲ ಕುಟುಂಬದವರು ಕೂರುತ್ತಾರೆ. ಗುಳಿಗೆಯ ಜೊತೆ ಇದೂ ಸೇರಿದರೆ ರೋಗ ಮರಳುವುದು ಕಡಿಮೆಯಾಗುತ್ತದೆಂದು ಅವರ ಅಧ್ಯಯನಗಳು ತೋರಿಸಿವೆ. ಗುಳಿಗೆಯ ಜೊತೆ ಎಂಬುದನ್ನು ಒತ್ತಿ ಹೇಳುತ್ತೇನೆ. ಬೈಪೋಲಾರ್‌ಗೆ ಬರಿಯ ಮಾತಿನ ಚಿಕಿತ್ಸೆ ಸಾಲುವುದಿಲ್ಲ. ನಮ್ಮ ಕಡೆ 21 ಸಲ ಯಾರೂ ಕೂರಿಸುವುದಿಲ್ಲ, ಕೂಲಿ ಬಿಟ್ಟು ಬರುವವರಿಗೆ ಸಾಧ್ಯವೂ ಇಲ್ಲ. ನಾಲ್ಕೈದು ಸಲ ಮನಸ್ಸಿಟ್ಟು ಹೋದರೂ ಮನೆ ಬದಲಾದದ್ದನ್ನು ನಾನು ಕಂಡಿದ್ದೇನೆ.

ಒಂದು ಎಚ್ಚರಿಕೆ. ಮನೆಯಲ್ಲಿ ಹೊಡೆತ ಬಡಿತ ಇದ್ದರೆ ಗಂಡ ಹೆಂಡತಿಯನ್ನು ಜೊತೆಗೆ ಕೂರಿಸಿ ಮಾತಾಡಿಸುವುದು ಸರಿಯಲ್ಲ. ಅಲ್ಲಿ ಹೇಳಿದ ಮಾತಿಗೆ ಮನೆಗೆ ಬಂದು ಏಟು ಬೀಳುತ್ತದೆ. ಅಂಥಲ್ಲಿ ಆಕೆಯ ಸುರಕ್ಷೆ ಮೊದಲು. ಡಾಕ್ಟರಿಗೆ ಆಕೆ ಒಬ್ಬಳೇ ಇದ್ದಾಗ ಇದನ್ನು ಹೇಳಬೇಕು, ತವರಿನವರು ಹೇಳಿಸಬೇಕು.

ಇದೆಲ್ಲ ಬೇರೆಯವರ ದೇಶದ ರೀತಿ, ನಮಗೆ ಹೊಂದುವುದಿಲ್ಲ ಎನ್ನುವವರಿದ್ದಾರೆ. ಬುಖಾರಿಯಲ್ಲಿ ಬರುವ ಹ. ಸಲ್ಮಾನ್(ರ) ಅವರ ಪ್ರಸಂಗ ನೋಡಿ. ಪ್ರವಾದಿ(ಸ) ಅವರು ಸಲ್ಮಾನ್ ಮತ್ತು ಅಬೂ ದರ್ದಾ(ರ) ಇಬ್ಬರನ್ನು ಸಹೋದರರನ್ನಾಗಿ ಮಾಡಿದ್ದರು. ಸಲ್ಮಾನ್ ಒಮ್ಮೆ ಆ ಮನೆಗೆ ಹೋದಾಗ ಉಮ್ಮು ದರ್ದಾ ಮಾಸಿದ ಬಟ್ಟೆಯಲ್ಲಿದ್ದರು. ಏಕೆ ಹೀಗೆ ಎಂದು ಕೇಳಿದರು. ನಿಮ್ಮ ಅಣ್ಣನಿಗೆ ಈ ಲೋಕದ ಯಾವುದೂ ಬೇಕಾಗಿಲ್ಲ ಎಂಬರ್ಥದ ಉತ್ತರ ಬಂತು. ಸಲ್ಮಾನ್ ಅಲ್ಲೇ ಉಪದೇಶಕ್ಕೆ ಇಳಿಯಲಿಲ್ಲ. ಊಟಕ್ಕೆ ಕೂತರು. ತಾನು ಉಪವಾಸ ಎಂದ ಅಬೂ ದರ್ದಾರಿಗೆ, ನೀವು ಉಣ್ಣದೆ ನಾನೂ ಉಣ್ಣುವುದಿಲ್ಲ ಎಂದರು. ರಾತ್ರಿ ಅಲ್ಲೇ ಉಳಿದರು. ಅವರು ನಮಾಜಿಗೆ ಎದ್ದಾಗ ಮಲಗಿಸಿದರು, ರಾತ್ರಿಯ ಕೊನೆಯ ಪಾಲಿನಲ್ಲಿ ಎಬ್ಬಿಸಿ ಇಬ್ಬರೂ ನಮಾಜ್ ಮಾಡಿದರು. ಆಮೇಲೆ ಹೇಳಿದ್ದು ಒಂದೇ ವಿಷಯ: ರಬ್ಬಿನ ಹಕ್ಕಿದೆ, ದೇಹದ ಹಕ್ಕಿದೆ, ಹೆಂಡತಿಯ ಹಕ್ಕೂ ಇದೆ, ಎಲ್ಲರಿಗೂ ಅವರವರದು ಸಲ್ಲಬೇಕು. ಸಲ್ಮಾನ್ ನಿಜ ಹೇಳಿದರೆಂದು ಪ್ರವಾದಿ(ಸ) ಒಪ್ಪಿದರು. ಇದು ರೋಗದ ಕತೆಯಲ್ಲ, ನಾನು ಹಾಗೆ ಹೇಳುವುದಿಲ್ಲ. ಆದರೆ ಹೆಂಡತಿಯನ್ನು ಮೊದಲು ಕೇಳಿದ್ದು, ಗಂಡನ ಜೊತೆ ಒಂದು ದಿನ ಕಳೆದದ್ದು, ಕೊನೆಗೆ ನಾಲ್ಕು ಮಾತು ಆಡಿದ್ದು, ಈ ಕ್ರಮವನ್ನು ಗಮನಿಸಿ. ನಾನು ಆ ಮನೆಯಲ್ಲಿ ಮಾಡಿದ್ದು ಇದರ ತಿರುವುಮುರುವು.

ಹ. ಖದೀಜಾ(ರ) ಅವರದೂ ಹಾಗೆಯೇ. ಹಿರಾ ಗುಹೆಯಿಂದ ಪ್ರವಾದಿ(ಸ) ನಡುಗುತ್ತ ಬಂದಾಗ ಮೊದಲು ಹೊದಿಸಿದರು. ಭಯ ಇಳಿದ ಮೇಲೆ ಧೈರ್ಯ ಹೇಳಿದರು, ಅದೂ ಅವರು ಮಾಡುತ್ತಿದ್ದ ಒಳ್ಳೆಯ ಕೆಲಸಗಳನ್ನು ಒಂದೊಂದಾಗಿ ನೆನಪಿಸಿ. ಆಮೇಲೆ ತಿಳಿದವರಾದ ವರಕಾ ಬಿನ್ ನೌಫಲ್ ಬಳಿ ಕರೆದುಕೊಂಡು ಹೋದರು. ಕಳಿಸಿಕೊಡಲಿಲ್ಲ, ಜೊತೆಗೆ ಹೋದರು.

ನಮ್ಮ ಹಿರಿಯ ವೈದ್ಯರಿಗೂ ಇದು ಹೊಸದಲ್ಲ. ಬಲ್ಖಿನ ಅಬೂ ಜೈದ್ (ಕ್ರಿ.ಶ. 850-934) ದೇಹ ಮತ್ತು ಮನಸ್ಸುಗಳ ಆರೋಗ್ಯದ ಮೇಲೆ ಬರೆದ ಗ್ರಂಥದಲ್ಲಿ ದುಃಖವನ್ನು ಎರಡು ಬಗೆಯಾಗಿ ವಿಂಗಡಿಸಿದ್ದಾರೆ. ಕಾರಣ ಗೊತ್ತಿರುವ ದುಃಖ ಒಂದು, ಕಾರಣವೇ ಕಾಣದೆ ಮೈಯೊಳಗಿಂದ ಏಳುವ ದುಃಖ ಇನ್ನೊಂದು. ಎರಡನೆಯದಕ್ಕೆ ಮೈಗೂ ಮದ್ದು ಬೇಕೆಂದರು. ಸಾವಿರ ವರ್ಷಗಳ ಹಿಂದಿನ ಮಾತು ಇದು. ನಮ್ಮ ಬೀದರದಲ್ಲೇ ಬಹಮನಿ ಸುಲ್ತಾನ ಎರಡನೆಯ ಅಲಾವುದ್ದೀನ್ ಅಹ್ಮದ್ (1436-58) ದಾರುಷ್ಷಿಫಾ ಕಟ್ಟಿಸಿ, ರೋಗಿಗಳ ಔಷಧ ಮತ್ತು ಊಟದ ಖರ್ಚಿಗೆ ಹಳ್ಳಿಗಳ ಉತ್ಪನ್ನವನ್ನು ಬಿಟ್ಟುಕೊಟ್ಟಿದ್ದ. ಅಲ್ಲಿ ಮುಸ್ಲಿಂ ಹಕೀಮರ ಜೊತೆ ಹಿಂದೂ ವೈದ್ಯರೂ ಇದ್ದರೆಂದು ಇತಿಹಾಸಕಾರ ಫರಿಶ್ತಾ ಬರೆದಿದ್ದಾನೆ. ಮಹಮೂದ್ ಗವಾನರ ಮದರಸಾ ನೋಡಲು ಹೋಗುವ ನಮ್ಮ ಮಕ್ಕಳಿಗೆ ಇದನ್ನೂ ಹೇಳಬೇಕು.

ಇನ್ನು ಮನೆಯವರನ್ನು ಸೇರಿಸಿಕೊಂಡು ಚಿಕಿತ್ಸೆ ಕೊಡುವುದರಲ್ಲಿ ನಮ್ಮ ದೇಶ ಯಾರಿಗೂ ಹಿಂದಿಲ್ಲ. 1950ರ ದಶಕದಲ್ಲಿ ಅಮೃತಸರದ ಮಾನಸಿಕ ಆಸ್ಪತ್ರೆಯ ಡಾ. ವಿದ್ಯಾಸಾಗರ್ ಆಸ್ಪತ್ರೆಯ ಅಂಗಳದಲ್ಲಿ ಡೇರೆ ಹಾಕಿಸಿ, ರೋಗಿಗಳ ಜೊತೆ ಮನೆಯವರನ್ನೂ ಇರಿಸಿಕೊಂಡರು. ಬೇಗ ಗುಣವಾಗಿ ಹೆಚ್ಚು ಜನ ಮನೆಗೆ ಮರಳಿದರು. ವೆಲ್ಲೂರಿನಲ್ಲೂ ಮನೆಯವರು ಜೊತೆಗಿರುವ ಪದ್ಧತಿ ಆಗಿನಿಂದಲೇ ಬಂತು. ನಿಮ್ಹಾನ್ಸ್‌ನಲ್ಲಿ 1970ರ ದಶಕದಿಂದ ಕುಟುಂಬ ಮನೋವೈದ್ಯ ಕೇಂದ್ರವೇ ಇದೆ, ದಂಪತಿಗಳು, ಕುಟುಂಬಗಳು ಅಲ್ಲಿಗೆ ಬರುತ್ತಾರೆ.

ತಾವೀಜು, ದಮ್ ಬಗ್ಗೆ ಕೇಳುವಿರಿ. ಕುರ್‌ಆನ್ ಓದಿ ದಮ್ ಮಾಡುವುದು, ದುಆ ಮಾಡುವುದು ಸುನ್ನತ್, ನಾನೂ ಮಾಡುತ್ತೇನೆ. ಆದರೆ ಆಸೇಬ್ ಹಿಡಿದಿದೆ, ಸಾಯಾ ಇದೆ ಎಂದು ಹೆದರಿಸಿ ಸಾವಿರಗಟ್ಟಲೆ ಕೀಳುವ, ಹೊಗೆ ಹಾಕಿ ಹೊಡೆಯುವ ಆಮಿಲರ ಹತ್ತಿರ ಹೋಗಬೇಡಿ. ಪ್ರತಿ ರೋಗಕ್ಕೂ ಅಲ್ಲಾಹನು ಮದ್ದು ಇಟ್ಟಿದ್ದಾನೆ, ಚಿಕಿತ್ಸೆ ಮಾಡಿಸಿಕೊಳ್ಳಿ ಎಂದ ಪ್ರವಾದಿ(ಸ) ಮನಸ್ಸಿನ ರೋಗವನ್ನು ಅದರಿಂದ ಹೊರಗಿಟ್ಟಿಲ್ಲ. ನನ್ನ ಹತ್ತಿರ ದಮ್ ಮಾಡಿಸಲು ಬರುವವರಿಗೆ ಈಗ ನಿದ್ದೆ ಎಷ್ಟು, ಊಟ ಎಷ್ಟು, ಎಷ್ಟು ದಿನದಿಂದ ಎಂದು ಕೇಳಿ, ದಮ್ ಮಾಡಿ, ಡಾಕ್ಟರ ಕಡೆ ಕಳಿಸುತ್ತೇನೆ.

ತಲಾಖಿನ ಮಾತು ಬಂದಾಗಲೂ ಇದನ್ನು ನೆನಪಿಡಬೇಕು. ಬುದ್ಧಿ ಸ್ಥಿಮಿತ ತಪ್ಪಿದವನ ತಲಾಖಿನ ಬಗ್ಗೆ ಫುಕಹಾಗಳು ವಿವರವಾಗಿ ಚರ್ಚಿಸಿದ್ದಾರೆ. ಬೈಪೋಲಾರ್ ಏರಿದ ಸ್ಥಿತಿಯಲ್ಲಿ ಗಂಡ ಏನಾದರೂ ನುಡಿದಿದ್ದರೆ ಊರವರ ತೀರ್ಮಾನಕ್ಕೆ ಬಿಡದೆ ಮುಫ್ತಿಯವರ ಬಳಿ ಹೋಗಿ. ಹೋಗುವಾಗ ಚಿಕಿತ್ಸೆಯ ಕಾಗದಗಳನ್ನು ಜೊತೆಗೆ ಒಯ್ಯಿರಿ.

ರಮಜಾನ್ ಬರುವ ಮುಂಚೆ ಮಾಡಬೇಕಾದ ಕೆಲಸ ಒಂದಿದೆ. ಬೈಪೋಲಾರ್‌ಗೆ ಹಲವರಿಗೆ ಲಿಥಿಯಂ ಗುಳಿಗೆ ಕೊಡುತ್ತಾರೆ. ಮೈಯಲ್ಲಿ ನೀರು ಕಡಿಮೆಯಾದರೆ ರಕ್ತದಲ್ಲಿ ಅದರ ಪ್ರಮಾಣ ಏರಿ ವಿಷವಾಗಬಹುದು. ಬೇಸಿಗೆಯ ರೋಜಾದಲ್ಲಿ ಇದು ಸಣ್ಣ ಮಾತಲ್ಲ. ಸಹರಿ, ತರಾವೀಹ್ ಎಂದು ನಿದ್ದೆ ಹೆಚ್ಚುಕಡಿಮೆಯಾದರೂ ಮನಸ್ಸು ಏರಬಹುದು. ತಿಂಗಳ ಮುಂಚೆಯೇ ಡಾಕ್ಟರನ್ನು ಕೇಳಿ. ಬೇಡ ಎಂದರೆ ಬಿಡಿ, ರೋಗಿಗೆ ರಿಯಾಯಿತಿ ಕೊಟ್ಟವನು ಅಲ್ಲಾಹನೇ. ಮನೆಯವರು ಆ ವ್ಯಕ್ತಿಯ ಎದುರು ‘ರೋಜಾ ಬಿಟ್ಟವ’ ಎಂದು ಆಡಬಾರದು.

ಸಾಯುವ ಮಾತಾಡಿದರೆ ‘ಹರಾಮ್’ ಎಂದು ಬಾಯಿ ಮುಚ್ಚಿಸಬೇಡಿ. ಹರಾಮ್ ಎಂಬುದು ಅವರಿಗೆ ಗೊತ್ತಿದೆ, ಗೊತ್ತಿದ್ದೂ ಆ ಮಾತು ಬರುತ್ತಿದೆಯೆಂದರೆ ನೋವು ಅಷ್ಟಿದೆ. ಹತ್ತಿರ ಕೂತು ಕೇಳಿ, ಒಬ್ಬರನ್ನೇ ಬಿಡಬೇಡಿ, ಅವತ್ತೇ ದವಾಖಾನೆಗೆ ಕರೆದೊಯ್ಯಿರಿ. ಸೋಯಾ, ತೊಗರಿಗೆ ಹೊಡೆಯುವ ಎಣ್ಣೆ ನಮ್ಮ ಎಷ್ಟೋ ಮನೆಗಳಲ್ಲಿ ಮಂಚದ ಕೆಳಗೇ ಇರುತ್ತದೆ. ಅದನ್ನು ಬೀಗ ಹಾಕಿ ಇಡಿ, ಅಥವಾ ಬೇರೆ ಕಡೆ ಸಾಗಿಸಿ. ಹಗಲು ರಾತ್ರಿ ಯಾವಾಗ ಬೇಕಾದರೂ 14416 ಸಂಖ್ಯೆಗೆ ಫೋನ್ ಮಾಡಬಹುದು. ಇದು ಸರ್ಕಾರದ ಟೆಲಿ-ಮಾನಸ್ ಸೇವೆ, 2022ರ ಅಕ್ಟೋಬರ್‌ನಿಂದ ನಡೆಯುತ್ತಿದೆ, ಖರ್ಚಿಲ್ಲ, ಕನ್ನಡದಲ್ಲಿ ಮಾತನಾಡುತ್ತಾರೆ.

ಚಿಕಿತ್ಸೆಗೆ ಬೆಂಗಳೂರಿಗೇ ಹೋಗಬೇಕಿಲ್ಲ. ಬೀದರದ ಬ್ರಿಮ್ಸ್ ಆಸ್ಪತ್ರೆಯಲ್ಲಿ ಮನೋವೈದ್ಯ ವಿಭಾಗವಿದೆ. ರಾಜ್ಯ ಸರ್ಕಾರದ ಮನೋಚೈತನ್ಯ ಕಾರ್ಯಕ್ರಮದಲ್ಲಿ ಮಂಗಳವಾರಗಳಂದು ತಾಲ್ಲೂಕು ಆಸ್ಪತ್ರೆಗಳಿಗೆ ಮನೋವೈದ್ಯರು ಬರುವ ವ್ಯವಸ್ಥೆ ಮಾಡಲಾಗಿದೆ. ಔರಾದ, ಭಾಲ್ಕಿ ಆಸ್ಪತ್ರೆಗಳಲ್ಲಿ ಯಾವ ಮಂಗಳವಾರ ಎಂದು ಮೊದಲು ವಿಚಾರಿಸಿ ಹೋಗಿ. ಹೋದಾಗ, ಮನೆಯವರನ್ನೂ ಕರೆತಂದಿದ್ದೇವೆ, ಅವರ ಜೊತೆಗೂ ಮಾತನಾಡಿ ಎಂದು ನೀವೇ ಕೇಳಿ. ಗದ್ದಲದಲ್ಲಿ ಡಾಕ್ಟರಿಗೆ ಪುರಸೊತ್ತು ಸಿಗದಿರಬಹುದು. ಆಪ್ತಸಮಾಲೋಚಕರು ಯಾವಾಗ ಸಿಗುತ್ತಾರೆ ಎಂದು ಕೇಳಿ ತಾರೀಕು ಬರೆಸಿಕೊಳ್ಳಿ.

ಮೊನ್ನೆ ಆ ಯುವಕ ಮತ್ತೆ ಸಿಕ್ಕಿದ್ದ. ತಾಯಿ ಮೊದಲು ಬರುವುದಿಲ್ಲ ಎಂದರಂತೆ, ಆಮೇಲೆ ಬಂದರಂತೆ. ಒಳಗೆ ಕೂತ ಮೇಲೆ ಡಾಕ್ಟರು ಮೊದಲು ಕೇಳಿದ್ದು ಸೊಸೆಯ ವಿಷಯವನ್ನಲ್ಲ. ‘ಅಮ್ಮಾ, ಇದರಾಗ ನಿಮಗೂ ಭಾಳ ತ್ರಾಸ ಆಗಿರಬೇಕಲ್ಲ, ನಿಮಗ ನಿದ್ದಿ ಬರತದೇನು?’ ಎಂದು ಕೇಳಿದರಂತೆ. ‘ಅಮ್ಮಿ ಅಲ್ಲೇ ಅತ್ತಬಿಟ್ರು ಹಜರತ್. ಹಾದ್ಯಾಗ ಬಸ್ಸಿನ್ಯಾಗ ಇಬ್ಬರೂ ಒಂದೇ ಸೀಟಿನಾಗ ಕೂತಿದ್ರು’ ಅಂದ. ಇನ್ನೂ ಆರಾಮಾಗಿಲ್ಲ, ಗುಳಿಗೆ ನಡೆದಿದೆ. ಮುಂದಿನ ತಾರೀಕು ಬರುವ ಮಂಗಳವಾರ. ಅವತ್ತು ಅಂಗಡಿ ಯಾರು ನೋಡುತ್ತಾರೆ ಎಂದು ಕೇಳಿದೆ. ತಮ್ಮ ಕೂಡುತ್ತಾನಂತೆ.